ಹಸಿರು ಅಕ್ಷರದ ಸಾಕ್ಷಿ

ಹೊಡೆಯುವವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲರಿಗೂ ಗೊರಕೆ ಕೇಳಿಸುವ ಹಾಗೆ ಈ ಲೋಕವನ್ನು ಕಟ್ಟಿದ್ದು ಯಾರೋ ಗೊತ್ತಿಲ್ಲ. ಕಟ್ಟಿದವನಿಗೆ ಮದುವೆಯಾಗಿರಲಿಲ್ಲ ಎಂಬುದು ಮಾತ್ರ ಖಚಿತ. ಈ ಲೋಪವನ್ನು ಸರಿಪಡಿಸುವ ಭಾರ ಕೊನೆಗೆ ನೋಡೋಣ ರಾಯರ ಹೆಗಲ ಮೇಲೆ ಬಿತ್ತು. ಆ ಹೆಗಲೋ, ಸಂತೆಯ ಚೀಲಕ್ಕೇ ಬಾಗುವಂಥದ್ದು.

ರಾಯರು ತೂಕದ ಯಂತ್ರ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿದ್ದರು. ವಿಭಾಗವೆಂದರೆ ಒಂದು ಮೇಜು, ಒಂದು ಫೋನು ಮತ್ತು ರಾಯರು. ಯಂತ್ರ ಹೆಚ್ಚು ತೋರಿಸುತ್ತದೆ ಎಂದು ಕೊಳ್ಳುವವರೂ, ಕಡಿಮೆ ತೋರಿಸುತ್ತದೆ ಎಂದು ಮಾರುವವರೂ ದಿನವಿಡೀ ಫೋನು ಮಾಡಿ ಬೈಯುತ್ತಿದ್ದರು. ಇಬ್ಬರಿಗೂ ರಾಯರ ಉತ್ತರ ಒಂದೇ: "ನೋಡೋಣ." ಹೌದು ಎಂದರೆ ಯಂತ್ರ ಬದಲಾಯಿಸಿಕೊಡಬೇಕು, ಇಲ್ಲ ಎಂದರೆ ಜಗಳ. ನೋಡೋಣ ಎಂದರೆ ಎರಡೂ ಇಲ್ಲ. ಹಾಗೆ ಆ ಮಾತೇ ಅವರಿಗೆ ಹೆಸರಾಗಿ ಅಂಟಿ, ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಮನೆಯಲ್ಲಿ ಈ ನೋಡೋಣ ನಡೆಯುತ್ತಿರಲಿಲ್ಲ. ರಾಯರ ಹೆಂಡತಿ ಶಾಲೆಯಲ್ಲಿ ಟೀಚರು. ಪೆನ್ಸಿಲ್ ಕದ್ದವನನ್ನು ಬರೀ ಕಣ್ಣಲ್ಲೇ ಹಿಡಿಯುತ್ತಿದ್ದ ಆಕೆಗೆ ಗಂಡನೂ ಹಿಂದಿನ ಬೆಂಚಿನ ಹುಡುಗನೇ. ಆಕೆಯಲ್ಲಿ ಬೇರೆ ಯಾವ ದೋಷವೂ ಇರಲಿಲ್ಲ. ಗೊರಕೆ ಒಂದಿತ್ತು. ಅದನ್ನು ಹೇಳಿದ ದಿನವೆಲ್ಲ ರಾಯರಿಗೆ ಒಂದೇ ಪಾಠ.

"ನಾನು ಗೊರಕೆ ಹೊಡೀತೀನಾ? ಹೊಡೆದಿದ್ರೆ ಮೊದಲು ನನಗೇ ಕೇಳಿಸಬೇಕಿತ್ತಲ್ಲ! ನನ್ನ ಮೂಗಿಗೆ ನಿಮ್ಮ ಕಿವಿ ಹತ್ತಿರಾನೋ, ನನ್ನ ಕಿವಿ ಹತ್ತಿರಾನೋ?"

ದೂರವನ್ನು ಅಳೆದು ನೋಡಿದರೆ ಆಕೆ ಹೇಳುವುದು ಸರಿಯೇ. ರಾಯರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಬೇಕಾದ ಬಾಯಿ ಬೇರೆಯದು ಎಂಬ ಸಂಕಟ ಒಳಗೇ ಕುದಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀಚರು ಉತ್ತರಪತ್ರಿಕೆ ತಿದ್ದುತ್ತ ತಿದ್ದುತ್ತ ಸೋಫಾದ ಮೇಲೆ ಹಾಗೇ ಒರಗಿದರು. ಕೆಂಪು ಪೆನ್ನು ಕೈಯಿಂದ ಜಾರಿತು. ಶುರುವಾಯಿತು. ಮೊದಲು ಯಾರೋ ಕಬ್ಬಿಣದ ಬೀರು ಎಳೆದ ಹಾಗೆ, ಆಮೇಲೆ ಬೀರು ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ, ಕೊನೆಗೆ ಎಳೆಯುತ್ತಿದ್ದವರು ಬೇಸತ್ತು 'ಹೋಗಲಿ ಫುಸ್' ಎಂದು ಕೈಬಿಟ್ಟ ಹಾಗೆ. ಎದೆಯ ಮೇಲಿದ್ದ ಉತ್ತರಪತ್ರಿಕೆಗಳು ಒಂದೊಂದು ಫುಸ್ಸಿಗೂ ಎದ್ದು ಮಲಗುತ್ತಿದ್ದವು.

ರಾಯರ ತಲೆಯಲ್ಲಿ ಮಿಂಚು ಹೊಡೆಯಿತು. ಮೊಬೈಲಿನ ರೆಕಾರ್ಡರ್ ಒತ್ತಿ, ದಿಂಬಿನ ಪಕ್ಕದಲ್ಲಿಟ್ಟರು. ಅಲ್ಲೇ ನಿಂತರೆ ತಮ್ಮ ನಗುವೂ ದಾಖಲಾದೀತೆಂದು ಅಡುಗೆಮನೆಗೆ ಹೋಗಿ, ಟವೆಲ್ ಬಾಯಿಗೆ ತುರುಕಿಕೊಂಡು, ಪಾತ್ರೆಗಳ ನಡುವೆ ನಿಂತು ಕುಲುಕಿ ಕುಲುಕಿ ನಕ್ಕರು. ಮರಳಿ ಬಂದಾಗ ಟೀಚರು ಎದ್ದು ಪೆನ್ನು ಹುಡುಕುತ್ತಿದ್ದರು. ರಾಯರು ಮೊಬೈಲನ್ನು ಹಗುರಾಗಿ ಜೇಬಿಗಿಳಿಸಿದರು.

ಸಾಕ್ಷಿ ಸಿಕ್ಕಿತು. ಆದರೆ ಸಾಕ್ಷಿ ಸಿಕ್ಕ ಮರುಕ್ಷಣವೇ ರಾಯರಿಗೆ ಭಯವೂ ಹತ್ತಿತು. ಇದನ್ನು ಕೇಳಿಸಿದರೆ ಟೀಚರು ಸೋಲೊಪ್ಪಿಕೊಳ್ಳುತ್ತಾರೆ, ಸರಿ. ಆಮೇಲೆ? ಮಲಗಿದ ಹೆಂಡತಿಯ ಮೂಗಿಗೆ ಮೈಕು ಹಿಡಿದ ಗಂಡನ ಗತಿ ಏನಾಗಬಹುದು ? ಅಳಿಸೋಣವೆಂದರೆ ಮನಸ್ಸು ಬಾರದು. ಇಂಥ ಮುತ್ತಿನಂಥ ರೆಕಾರ್ಡು! ಮೊಬೈಲಿನಲ್ಲೇ ಇಡೋಣವೆಂದರೆ ಆ ಮನೆಯಲ್ಲಿ ಮೊಬೈಲೆಂದರೆ ಬಚ್ಚಲಿನ ಚೊಂಬಿದ್ದ ಹಾಗೆ, ಯಾರ ಕೈಗೆ ಸಿಕ್ಕರೆ ಅವರದು.

ಮರುದಿನ ಆಫೀಸಿಗೆ ಹೋದವರೇ ಅದನ್ನು ಕಂಪ್ಯೂಟರಿಗೆ ಸಾಗಿಸಿ, ಮೊಬೈಲಿನಿಂದ ಅಳಿಸಿದರು. ದೂರು ವಿಭಾಗದವರಿಗೆ ಹೆಸರಿಡುವುದರಲ್ಲಿ ಒಂದು ಶಿಸ್ತು. ಯಾರ ಮೇಲೆ, ಏನು, ಯಾವಾಗ, ಎಲ್ಲವೂ ಹೆಸರಿನಲ್ಲೇ ಇರಬೇಕು. ಫೈಲಿಗೆ 'ಅವಳ ವಿರುದ್ಧ ಸಾಕ್ಷಿ, ಭಾನುವಾರ ಮಧ್ಯಾಹ್ನ' ಎಂದು ಹೆಸರಿಟ್ಟು, ಅಭ್ಯಾಸಬಲದಿಂದ ಎಲ್ಲರೂ ಬಳಸುವ ದೂರುಗಳ ಫೋಲ್ಡರಿನಲ್ಲೇ ಇಟ್ಟರು. ಇಟ್ಟ ಮೇಲೆ ನೆನಪಾಯಿತು: ಈ ಕಂಪ್ಯೂಟರು ಬೆಳಗ್ಗೆ ತಮ್ಮದು, ಮಧ್ಯಾಹ್ನದ ಮೇಲೆ ಆಫೀಸಿನ ಲೆಕ್ಕ ಬರೆಯುವ ಲೆಕ್ಕದಮ್ಮನದು.

ಓಡಿದರು ಸಿಸ್ಟಮ್ಮಿನ ಹತ್ತಿರ. ಸಿಸ್ಟಮ್ಮು ಎಂದರೆ ಯಂತ್ರವಲ್ಲ, ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ದಪ್ಪ ಮೀಸೆಯ ಮನುಷ್ಯ. ಚಹಾ ಬೇಕೆಂದರೂ "ಸಿಸ್ಟಮ್ ಏನು ಹೇಳುತ್ತೆ ಅಂದ್ರೆ" ಎಂದೇ ಶುರುಮಾಡುತ್ತಿದ್ದುದರಿಂದ ಆ ಹೆಸರು.

"ಒಂದೇ ಒಂದು ಫೈಲಿಗೆ ಬೀಗ ಹಾಕಬಹುದಾ?" ಎಂದರು ರಾಯರು, ಯಾರದೋ ಪರವಾಗಿ ಕೇಳುವ ಹಾಗೆ ಕಿಟಕಿ ನೋಡುತ್ತ.

ಸಿಸ್ಟಮ್ಮು ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ. "ಸಿಸ್ಟಮ್ ಏನು ಹೇಳುತ್ತೆ ಅಂದ್ರೆ, ಇಡೀ ಮನೆಗೆ ಬೀಗ ಹಾಕೋದು ಬೇರೆ, ಮನೆಯೊಳಗೆ ಒಂದೇ ಡಬ್ಬಿಗೆ ಹಾಕೋದು ಬೇರೆ. ನಿಮಗೆ ಡಬ್ಬಿ ಸಾಕು. ಫೈಲಿನ ಮೇಲೆ ಬಲಗಡೆ ಗುಂಡಿ ಒತ್ತಿ, ಗುಣಲಕ್ಷಣ ಅನ್ನೋದಕ್ಕೆ ಹೋಗಿ, ಒಂದು ಗುರುತು ಹಾಕಿದ್ರೆ ಆಯ್ತು. ಒಳಗಿರೋದೆಲ್ಲ ಕಲಸುಮೇಲೋಗರ ಆಗಿಬಿಡುತ್ತೆ. ಅದನ್ನ ಮತ್ತೆ ಸರಿಮಾಡೋ ಕೀಲಿ ನಿಮ್ಮೊಬ್ಬರ ಖಾತೆಗೆ ಮಾತ್ರ."

ರಾಯರು ಗುರುತು ಹಾಕಿದರು. ಕರಿಯ ಹೆಸರು ಕಣ್ಣೆದುರೇ ಹಸಿರಾಯಿತು. ಪರೀಕ್ಷೆಗೆಂದು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಫೈಲನ್ನು ಒತ್ತಿದರೆ, ಪಾಸ್‌ವರ್ಡನ್ನೂ ಕೇಳದೆ ಬೀರು ಎಳೆಯುವ ಸದ್ದು ಶುರುವಾಗಿಯೇಬಿಟ್ಟಿತು! ಮೊದಲ ಫುಸ್ಸಿಗೇ ನಿಲ್ಲಿಸಿ, ಮತ್ತೆ ಓಡಿದರು.

"ಇದೆಂಥ ಬೀಗ ರೀ? ತಳ್ಳಿದ್ರೆ ತೆರೆಯುತ್ತೆ!"

"ತಳ್ಳಿದ್ದು ಯಾರು?"

"ನಾನು."

"ಫೈಲು ಯಾರದು?"

"ನಂದು."

"ಮತ್ತೆ ತೆರೆಯದೆ ಇನ್ನೇನು ಮಾಡಬೇಕು? ಬೆಳಗ್ಗೆ ಪಾಸ್‌ವರ್ಡ್ ಹೊಡೆದು ಒಳಗೆ ಬಂದ್ರಲ್ಲ, ಆಗಲೇ ಕೀಲಿ ನಿಮ್ಮ ಜೇಬಿಗೆ ಬಿತ್ತು. ಬೇರೆಯವರು ಬಂದು ತಳ್ಳಲಿ, ಆಗ ನೋಡಿ. ನಾನೇ ತಳ್ಳಿದ್ರೂ ತೆರೆಯಲ್ಲ." ಹಾಗೆಂದವನು ಸ್ವರ ತಗ್ಗಿಸಿ, "ಅಂಥದ್ದೇನ್ರೀ ಅದರಲ್ಲಿ?" ಎಂದ.

ತಮ್ಮಲ್ಲೂ ಮುಚ್ಚಿಡುವಂಥದ್ದು ಇರಬಹುದೆಂದು ಈ ಆಫೀಸಿನಲ್ಲಿ ಒಬ್ಬರಿಗೆ ಅನಿಸಿದ್ದು ಅದೇ ಮೊದಲು. ರಾಯರ ಎದೆ ಅರಿವಿಲ್ಲದೆಯೇ ಒಂದಿಷ್ಟು ಉಬ್ಬಿತು. "ಕೆಲವು ವಿಷಯ ಇರುತ್ತೆ" ಎಂದು ಹೇಳಿ, ಮಂತ್ರಿಯ ಹಾಗೆ ನಡೆದುಹೋದರು.

ಮಧ್ಯಾಹ್ನ ಲೆಕ್ಕದಮ್ಮ ಬಂದು ತಮ್ಮ ಖಾತೆಯಿಂದ ಕಂಪ್ಯೂಟರ್ ತೆರೆದರು. ದೂರುಗಳ ಫೋಲ್ಡರಿನಲ್ಲಿ ಹಸಿರು ಹೆಸರೊಂದು, ಕರಿಯ ಕಾಗೆಗಳ ನಡುವೆ ಗಿಳಿಯ ಹಾಗೆ, ಕೂತಿತ್ತು. ಓದಿದರು. ಒತ್ತಿದರು. 'ಪ್ರವೇಶ ನಿರಾಕರಿಸಲಾಗಿದೆ.' ಇನ್ನೊಮ್ಮೆ ಓದಿದರು. ಅವಳ ವಿರುದ್ಧ. ಆಫೀಸಿನಲ್ಲಿ 'ಅವಳು' ಎನ್ನಿಸಿಕೊಳ್ಳಲು ಇದ್ದವರು ತಾವೊಬ್ಬರೇ. ಭಾನುವಾರ ಮಧ್ಯಾಹ್ನ! ಅವತ್ತು ಕಂಪನಿಯ ಮಳಿಗೆಯಲ್ಲಿ ಹೊಸ ಯಂತ್ರಗಳ ಪ್ರದರ್ಶನವಿತ್ತು. ಲೆಕ್ಕದಮ್ಮನಿಗೆ ಅಲ್ಲಿ ಡ್ಯೂಟಿ. ಜ್ವರವೆಂದು ಫೋನು ಮಾಡಿ, ತಂಗಿಯ ಜೊತೆ ಸಿನಿಮಾಕ್ಕೆ ಹೋಗಿದ್ದರು. ಈಗ ನಿಜವಾಗಿಯೂ ಮೈ ಬಿಸಿಯಾಯಿತು.

ಮರುದಿನ ಬೆಳಗ್ಗೆ ರಾಯರು ಬರುವುದನ್ನೇ ಕಾದಿದ್ದು, ಮೆಟ್ಟಿಲ ಕೆಳಗೆ ಹಿಡಿದರು.

"ರಾಯರೇ, ಭಾನುವಾರದ್ದು ನಿಮಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಗಿದೆ. ಒಂದೇ ಒಂದು ಸಲ ತಪ್ಪಾಯ್ತು. ಮೇಲಿನವರಿಗೆ ಹೇಳಬೇಡಿ."

ಇಂಥ ಮಾತಿಗೆ ರಾಯರ ಬಾಯಿಂದ ಬರುವುದು ಒಂದೇ ಉತ್ತರ. "ನೋಡೋಣ."

ದೂರು ಹೇಳುವವರಿಗೆ ಇದು ಸೋಮಾರಿಯ ಮಾತಾಗಿ ಕೇಳುತ್ತಿತ್ತು. ತಪ್ಪು ಮಾಡಿದವರಿಗೆ ಅದು ನ್ಯಾಯಾಧೀಶನ ಮಾತಾಗಿ ಕೇಳಿಸಿತು. ಲೆಕ್ಕದಮ್ಮ, ಅನುಮಾನ ತಮ್ಮ ಮೇಲೆ ಬಾರದಿರಲೆಂದು, ಒಳಹೋಗಿ ಮ್ಯಾನೇಜರರ ಮುಂದೆ ಬೇರೆಯೇ ರಾಗ ಹಾಡಿದರು: ನೋಡೋಣ ರಾಯರು ಭಾನುವಾರ ಮಧ್ಯಾಹ್ನದ ಯಾವುದೋ ಸಾಕ್ಷಿ ಇಟ್ಟುಕೊಂಡಿದ್ದಾರೆ, ಯಾರೋ ಹೆಂಗಸಿನದಂತೆ, ಫೈಲಿಗೆ ಹಸಿರು ಬೀಗ ಹಾಕಿದ್ದಾರಂತೆ.

ಮ್ಯಾನೇಜರರ ಕೈಯಲ್ಲಿದ್ದ ಚಹಾ ಬಟ್ಟಲು ತಟ್ಟೆಯ ಮೇಲೆ ತಾಳ ಹಾಕಿತು. ಭಾನುವಾರದ ಪ್ರದರ್ಶನಕ್ಕೆ ಅವರು ಹೆಂಡತಿಯನ್ನೂ ಕರೆತಂದಿದ್ದರು. ಆಕೆ ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಳ್ಳಲು ಹತ್ತಿರದಲ್ಲೇ ಕಂಡ ಹೊಳೆಯುವ ಸ್ಟೂಲಿನ ಮೇಲೆ ಕೂತಿದ್ದರು. ಅದು ಸ್ಟೂಲಾಗಿರಲಿಲ್ಲ. ಔಷಧಿಯ ಪುಡಿ ತೂಗುವ, ಒಂದು ಸಾಸಿವೆ ಕಾಳು ಹೆಚ್ಚಾದರೂ ಕೂಗುವ ಸೂಕ್ಷ್ಮ ಯಂತ್ರವಾಗಿತ್ತು. ಅದು ಒಮ್ಮೆ ಕೂಗಿ ಶಾಶ್ವತವಾಗಿ ಸುಮ್ಮನಾಯಿತು. ಮ್ಯಾನೇಜರು ಅದನ್ನು ಹಾಗೇ ಒರೆಸಿ ಪೆಟ್ಟಿಗೆಗೆ ಹಾಕಿ ಗಿರಾಕಿಗೆ ಕಳಿಸಿದ್ದರು. ಗಿರಾಕಿಯ ದೂರು ಸೋಮವಾರವೇ ರಾಯರ ಮೇಜಿಗೆ ಬಂದಿತ್ತು.

ಸಂಜೆಯೊಳಗೆ ರಾಯರಿಗೆ ತಿರುಗುವ ಕುರ್ಚಿ ಬಂತು. ಬುಧವಾರ ಕಿಟಕಿ ಪಕ್ಕದ ಜಾಗ ಬಂತು. ಗುರುವಾರ ಮ್ಯಾನೇಜರರೇ ಬಂದು ಬೆನ್ನು ತಟ್ಟಿ, "ಮನುಷ್ಯ ಅಂದ ಮೇಲೆ ಎಲ್ಲಾದ್ರೂ ಕೂತ್ಕೋತಾನೆ. ದೊಡ್ಡದು ಮಾಡಬಾರದು, ಅಲ್ವಾ?" ಎಂದರು. ರಾಯರು ತಮ್ಮ ಹೊಸ ಕುರ್ಚಿಯ ಮಾತೆಂದು ತಿಳಿದು, ಅರ್ಧ ಸುತ್ತು ತಿರುಗಿ, "ನೋಡೋಣ ಸಾರ್" ಎಂದರು. ಮ್ಯಾನೇಜರರ ಮುಖ ಬಿಳುಚಿತು.

ಇಷ್ಟು ದೊಡ್ಡವರಾದ ರಾಯರಿಗೆ ಈಗ ಸಿಸ್ಟಮ್ಮೇ ಹುಡುಕಿಕೊಂಡು ಬಂದು ಸಲಹೆ ಕೊಟ್ಟ. "ಸಿಸ್ಟಮ್ ಏನು ಹೇಳುತ್ತೆ ಅಂದ್ರೆ, ಕಂಪ್ಯೂಟರ್ ಕೆಟ್ಟರೆ ಕೀಲಿನೂ ಹೋಗುತ್ತೆ. ಕೀಲಿಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇಟ್ಕೊಳಿ. ಫೈಲಲ್ಲ, ಕೀಲಿ!"

ರಾಯರು ಆಗ ಕುರ್ಚಿಯಲ್ಲಿ ತಿರುಗುತ್ತಿದ್ದರು. ಮಾತಿನ ಮೊದಲರ್ಧ ಎಡಗಿವಿಗೆ ಬಿತ್ತು, ಉಳಿದರ್ಧ ಗೋಡೆಗೆ ಬಿತ್ತು. ಅವರು ಫೈಲನ್ನೇ ಎಳೆದು ಪೆನ್‌ಡ್ರೈವಿಗೆ ಹಾಕಿದರು. ಕಂಪ್ಯೂಟರು ಪಾಪ, ಎಚ್ಚರಿಸಿತು: ಈ ಜಾಗದಲ್ಲಿ ಬೀಗ ನಿಲ್ಲುವುದಿಲ್ಲ, ಬೀಗವಿಲ್ಲದೆಯೇ ನಕಲು ಮಾಡಲೇ? ರಾಯರು ಕಂಪ್ಯೂಟರ್ ಕೇಳಿದ ಯಾವ ಪ್ರಶ್ನೆಯನ್ನೂ ಈವರೆಗೆ ಓದಿದವರಲ್ಲ. 'ಹೌದು' ಒತ್ತಿದರು. ಪೆನ್‌ಡ್ರೈವನ್ನು ಮನೆಯ ಕೀಲಿ ಗೊಂಚಲಿಗೆ ಸಿಕ್ಕಿಸಿಕೊಂಡು, ಕೀಲಿ ಕೀಲಿಗಳ ಜೊತೆ ಸೇರಿತೆಂದು ನೆಮ್ಮದಿಪಟ್ಟರು.

ಇತ್ತ ಮ್ಯಾನೇಜರು ಸಿಸ್ಟಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಆ ಫೈಲು ತೆರಿ."

"ಆಗಲ್ಲ ಸಾರ್. ನಾನು ಎಲ್ಲದಕ್ಕೂ ಯಜಮಾನ, ನಿಜ. ಆದ್ರೆ ಡಬ್ಬಿ ಎತ್ತಿ ಆಚೆ ಎಸೀಬಹುದು, ಒಳಗೆ ಇಣುಕೋಕೆ ಆಗಲ್ಲ."

"ಹಾಗಾದ್ರೆ ಎಸೆದುಬಿಡು!"

"ಎಸೆದ್ರೆ, ಯಾರು ಎಸೆದ್ರು, ಯಾಕೆ ಎಸೆದ್ರು ಅಂತ ಕೇಳ್ತಾರೆ ಸಾರ್. ಅದೇ ಇನ್ನೊಂದು ಸಾಕ್ಷಿ."

ಮ್ಯಾನೇಜರು ತಲೆ ಹಿಡಿದುಕೊಂಡರು. ಸಿಸ್ಟಮ್ಮಿಗೆ ತನ್ನ ಜಾಣತನದ ಮೇಲೆ ಅಪಾರ ನಂಬಿಕೆ. ರಾಯರ ಖಾತೆಯನ್ನು ಬೇರುಸಮೇತ ಅಳಿಸಿ, ಅದೇ ಹೆಸರಿನಲ್ಲಿ ತಾನೇ ಹೊಸದೊಂದು ತೆರೆದರೆ, ಫೈಲು ಬೆಪ್ಪಾಗಿ ಇವರೇ ರಾಯರೆಂದು ಬಾಗಿಲು ತೆಗೆಯುತ್ತದೆ ಎಂದು ಲೆಕ್ಕ ಹಾಕಿದ. ಶುಕ್ರವಾರ ರಾಯರು ಊಟಕ್ಕೆ ಹೋದಾಗ ಅಳಿಸಿ, ಅದೇ ಹೆಸರಿನ ಹೊಸದನ್ನು ತೆರೆದೂ ಬಿಟ್ಟ. ಫೈಲು ಬೆಪ್ಪಾಗಲಿಲ್ಲ. 'ಪ್ರವೇಶ ನಿರಾಕರಿಸಲಾಗಿದೆ.' ಬೆಪ್ಪಾದವನು ಸಿಸ್ಟಮ್ಮು. ಯಾರಿಗೂ ಹೇಳದೆ ಮೀಸೆ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ.

ಅದೇ ಹೊತ್ತಿಗೆ ಲೆಕ್ಕದಮ್ಮನ ಧೈರ್ಯ ಮುಗಿದಿತ್ತು. ಗಂಡಸಿನ ಹತ್ತಿರ ಆಗದ ಕೆಲಸ ಹೆಂಗಸಿನ ಹತ್ತಿರ ಆದೀತೆಂದು ಟೀಚರಿಗೆ ಫೋನು ಮಾಡಿದರು.

"ಅಕ್ಕಾ, ನಿಮ್ಮ ಯಜಮಾನರ ಆಫೀಸಿನವಳು ನಾನು. ಭಾನುವಾರ ಮಧ್ಯಾಹ್ನ ಜ್ವರ ಅಂತ ಸುಳ್ಳು ಹೇಳಿ ಹೋಗಿದ್ದೆ. ಒಂದೇ ಸಲ, ಆಣೆಗೂ. ನಿಮ್ಮವರು ಅದನ್ನೆಲ್ಲ 'ಅವಳ ವಿರುದ್ಧ ಸಾಕ್ಷಿ' ಅಂತ ಫೈಲು ಮಾಡಿ ಇಟ್ಕೊಂಡಿದಾರೆ. ಅಳಿಸೋಕೆ ಹೇಳಿ ಅಕ್ಕಾ, ನನಗೂ ಮಕ್ಕಳಿದಾರೆ!"

ಟೀಚರು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟರು. ಅಷ್ಟರಲ್ಲಿ ಆ ಕಡೆ ಅಳು ಶುರುವಾಗಿತ್ತು.

ರಾಯರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ವಿಚಾರಣೆ ನಡೆಯಿತು.

"ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮನೇಲೇ ಇದ್ನಲ್ಲೇ. ನಿನ್ನ ಪಕ್ಕದಲ್ಲೇ."

"ನಾನು ಮಲಗಿದ್ದೆ. ನನಗೇನು ಗೊತ್ತು? ಸಾಕ್ಷಿ ಏನಿದೆ?"

ಸಾಕ್ಷಿ ಇತ್ತು. ಅಂಥ ಸಾಕ್ಷಿ ಯಾವ ಗಂಡನ ಬಳಿಯೂ ಇರಲಿಕ್ಕಿಲ್ಲ. ಅದನ್ನು ಕೊಟ್ಟರೆ ಇಲ್ಲದ ತಪ್ಪಿನಿಂದ ಬಿಡುಗಡೆ, ಇದ್ದ ತಪ್ಪಿಗೆ ಜೀವಾವಧಿ.

"ಅವಳ ವಿರುದ್ಧ ಅಂತೆ! ಯಾರ್ರೀ ಅವಳು?"

"ಅದು... ದೂರಿನ ವಿಷಯ. ಯಂತ್ರದ್ದು."

"ಯಂತ್ರಕ್ಕೆ ಯಾವಾಗಿಂದ ಅವಳು ಅಂತಾರೆ? ಹದಿನೈದು ವರ್ಷ ವ್ಯಾಕರಣ ಪಾಠ ಮಾಡಿದ್ದೀನಿ ನಾನು!"

ನಪುಂಸಕಲಿಂಗಕ್ಕೆ ಹೆದರಿ ರಾಯರು ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು. ಟೀಚರು ಅಡುಗೆಮನೆಗೆ ಹೋಗಿ ಅಣ್ಣನ ಮನೆಯಲ್ಲಿದ್ದ ತಾಯಿಗೆ ಫೋನು ಮಾಡಿ ಒಂದೇ ಮಾತು ಹೇಳಿದರು: "ಅಮ್ಮಾ, ಬಂದುಬಿಡು."

ಶನಿವಾರ ಬೆಳಗ್ಗೆ ಅತ್ತೆ ಬಸ್ಸಿನಿಂದ ಇಳಿದವರು ಮನೆಗೂ ಹೋಗಲಿಲ್ಲ. ಕೈಚೀಲ ಹಿಡಿದೇ ಮಗಳ ಹಿಂದೆ ಆಫೀಸಿಗೆ ಬಂದರು. ಸಣ್ಣ ಆಕಾರದ, ಕಡಿಮೆ ಮಾತಿನ ಹೆಂಗಸು. ರಾಯರು ತಿರುಗುವ ಕುರ್ಚಿಯಲ್ಲಿ ಕಿಟಕಿ ಕಡೆ ತಿರುಗಿದ್ದವರು, ಬಾಗಿಲ ಕಡೆ ತಿರುಗಿದಾಗ ಇಬ್ಬರೂ ಎದುರಿಗೇ ನಿಂತಿದ್ದರು. ಕುರ್ಚಿ ತಾನಾಗಿಯೇ ಇನ್ನೊಂದು ಸುತ್ತು ಹೋಯಿತು.

"ಆ ಫೈಲು ತೆರೀರಿ" ಎಂದರು ಟೀಚರು. ಗದ್ದಲಕ್ಕೆ ಮ್ಯಾನೇಜರು ಓಡಿ ಬಂದರು, ಲೆಕ್ಕದಮ್ಮ ಬಂದರು, ಸಿಸ್ಟಮ್ಮು ಬಂದು ಕಂಬದ ಹಿಂದೆ ನಿಂತ. ಟೀಚರು ಎಲ್ಲರ ಹಾಜರಿಯನ್ನೂ ಒಮ್ಮೆ ಕಣ್ಣಲ್ಲೇ ತೆಗೆದುಕೊಂಡರು.

"ನಿಮ್ಮೆಲ್ಲರ ಮುಂದೇನೇ ಕೇಳ್ತೀನಿ. ಇವರ ಫೈಲಿನಲ್ಲಿರೋ ಅವಳು ಯಾರು?"

ಲೆಕ್ಕದಮ್ಮನಿಂದ ತಡೆಯಲಾಗಲಿಲ್ಲ. "ನಾನೇ ಅಕ್ಕಾ!" ಎಂದು ಸೆರಗು ಮುಖಕ್ಕೆ ಹಿಡಿದರು.

"ನೀನಲ್ಲಮ್ಮ!" ಮ್ಯಾನೇಜರು ಮುಂದೆ ನುಗ್ಗಿದರು. "ನನ್ನ ಹೆಂಡತಿ!"

ಟೀಚರು ಮೇಜು ಹಿಡಿದುಕೊಂಡರು. "ಇಬ್ಬರಾ?"

"ನಾನು ತಂಗಿ ಜೊತೆ ಹೋಗಿದ್ದು ಅಕ್ಕಾ, ಬೇಕಿದ್ರೆ ಅವಳನ್ನೇ ಕೇಳಿ..."

"ಅವಳ ತಂಗಿನೂನಾ!"

"ನನ್ನ ಹೆಂಡತಿ ಬೇಕು ಅಂತ ಕೂತಿದ್ದಲ್ಲಮ್ಮ" ಎಂದು ಮ್ಯಾನೇಜರು ಕೈಮುಗಿದರು. "ಸ್ಟೂಲು ಅಂದ್ಕೊಂಡು ಕೂತಿದ್ದು!"

ಇಲ್ಲಿಯವರೆಗೆ ತುಟಿ ಬಿಚ್ಚದ ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚು. ಈ ಮನುಷ್ಯನಿಗೆ ಇಷ್ಟೊಂದು ರಸಿಕತನ ಎಲ್ಲಿಂದ ಬಂತು ಎಂಬ ಹಾಗೆ.

ರಾಯರು ಫೈಲನ್ನು ಒತ್ತಿದರು. 'ಪ್ರವೇಶ ನಿರಾಕರಿಸಲಾಗಿದೆ.' ಮತ್ತೆ ಒತ್ತಿದರು. ಅದೇ. ತಮ್ಮದೇ ಫೈಲು, ತಮ್ಮದೇ ಹೆಸರು, ತಮಗೇ ಬಾಗಿಲು ಹಾಕಿಬಿಟ್ಟಿದೆ! ಕಂಬದ ಹಿಂದಿನಿಂದ ಸಿಸ್ಟಮ್ಮು ಕೆಮ್ಮಿದ.

"ಸಿಸ್ಟಮ್ ಏನು ಹೇಳುತ್ತೆ ಅಂದ್ರೆ... ಆ ರಾಯರು ಈಗ ಇಲ್ಲ."

"ಇಲ್ಲ ಅಂದ್ರೆ? ನಾನು ಇಲ್ಲೇ ಇದ್ದೀನಲ್ಲ!"

"ನೀವು ಇದ್ದೀರಿ. ಆದ್ರೆ ಫೈಲಿಗೆ ಬೀಗ ಹಾಕಿದ ರಾಯರು ಬೇರೆ. ಅವರನ್ನ ಶುಕ್ರವಾರ ಅಳಿಸಿದೆ. ನೀವು ಅದೇ ಹೆಸರಿನ ಹೊಸಬರು. ಹೆಸರು ಒಂದೇ ಆದ್ರೂ ಸಿಸ್ಟಮ್ ನಂಬಲ್ಲ. ಅವರ ಜೊತೆ ಅವರ ಕೀಲಿನೂ ಹೋಯ್ತು. ಇನ್ನು ಭೂಮಿ ಮೇಲೆ ಯಾರೂ ಅದನ್ನ ತೆರೆಯೋಕೆ ಆಗಲ್ಲ."

ಇಷ್ಟು ಸಿಹಿಯಾದ ಮಾತನ್ನು ರಾಯರು ಬದುಕಿನಲ್ಲಿ ಕೇಳಿರಲಿಲ್ಲ. ಯಾರೂ ತೆರೆಯಲಾಗದು! ಎಲ್ಲಿತ್ತೋ ಧೈರ್ಯ, ಎದ್ದು ನಿಂತು ಮೇಜು ಗುದ್ದಿದರು.

"ನನ್ನ ಕೇಳದೆ ನನ್ನ ಅಳಿಸೋಕೆ ನೀವ್ಯಾರ್ರೀ? ನಾನು ಇವತ್ತು ಎಲ್ಲರ ಮುಂದೆ ತೆರೆದು ತೋರಿಸಬೇಕು ಅಂತಾನೇ ಬಂದಿದ್ದೆ! ಅದರಲ್ಲಿ ಏನೂ ಇರಲಿಲ್ಲ. ನನ್ನ ಶುದ್ಧ ಮನಸ್ಸಿಗೆ ಸಾಕ್ಷಿಯಾಗಿ ಇದ್ದದ್ದು ಅದೊಂದೇ! ಅಯ್ಯೋ, ತೆರೆಯೋಕೆ ಒಂದೇ ಒಂದು ದಾರಿ ಇದ್ದಿದ್ರೆ!"

ಮಾತು ಇಷ್ಟಕ್ಕೇ ನಿಂತಿದ್ದರೆ ಮನೆಯೂ ಮಾನವೂ ಉಳಿಯುತ್ತಿತ್ತು. ಆದರೆ ಸಿಸ್ಟಮ್ಮಿಗೆ ತನ್ನ ತಪ್ಪು ತೊಳೆದುಕೊಳ್ಳುವ ಆತುರ. "ದಾರಿ ಇದೆಯಲ್ಲ ರಾಯರೇ! ಕೀಲಿಯ ಪ್ರತಿ ಇಟ್ಕೊಳಿ ಅಂದಿದ್ನಲ್ಲ, ಇಟ್ಕೊಂಡಿದ್ದೀರಾ?"

"ಎಲ್ಲಿ... ಅದು ಎಲ್ಲೋ..." ಎನ್ನುವಷ್ಟರಲ್ಲಿ ಟೀಚರು ಗಂಡನ ಜೇಬಿಗೆ ಕೈಹಾಕಿ ಗೊಂಚಲು ಎಳೆದು, ಅದರಲ್ಲಿ ಮನೆಯ ಯಾವ ಬಾಗಿಲಿಗೂ ಸೇರದ ಒಂದನ್ನು ಕಂಡುಹಿಡಿದಾಗಿತ್ತು.

ಸಿಸ್ಟಮ್ಮು ಅದನ್ನು ಚುಚ್ಚಿದ. ಪರದೆ ನೋಡಿ ಹುಬ್ಬೇರಿಸಿದ. "ಇದು ಕೀಲಿ ಅಲ್ಲ, ಫೈಲೇ! ಅದೂ ಕರಿ ಅಕ್ಷರದಲ್ಲಿ. ಬೀಗಾನೇ ಇಲ್ಲ. ಯಾರು ಬೇಕಾದ್ರೂ ತೆರೀಬಹುದು. ನಾನೇ..." ಎನ್ನುತ್ತಲೇ ಒತ್ತಿದ.

ಸ್ಪೀಕರಿನಿಂದ ಬೀರು ಎಳೆಯುವ ಸದ್ದು ಹೊರಟಿತು.

ಎಲ್ಲರೂ ಕಿವಿಯಾದರು. ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು. ಫುಸ್.

"ಇದು ಸಿನಿಮಾ ಥಿಯೇಟರ್ ಅಲ್ಲವಲ್ಲ" ಎಂದರು ಲೆಕ್ಕದಮ್ಮ, ಸೆರಗು ಸರಿಸಿ.

"ನಮ್ಮ ಸೂಕ್ಷ್ಮ ಯಂತ್ರವೂ ಅಲ್ಲ" ಎಂದರು ಮ್ಯಾನೇಜರು, ಬೆವರು ಒರೆಸಿ.

ಮುಳುಗುವವನಿಗೆ ಹುಲ್ಲುಕಡ್ಡಿ. "ಹಾಂ, ದೊಡ್ಡ ತೂಕದ ಯಂತ್ರ! ಲಾರಿ ತೂಗೋದು! ಗಿರಾಕಿ ಕಳಿಸಿದ ದೂರು!" ಎಂದು ರಾಯರು ಕೂಗಿದರು. ಟೀಚರ ಮುಖ ಒಂದಿಷ್ಟು ಸಡಿಲಾಯಿತು. ಹೆಂಗಸಿನ ದನಿಯ ಸುಳಿವಿಲ್ಲ, ನಗುವಿಲ್ಲ, ಬಳೆಯ ಸದ್ದಿಲ್ಲ. ಲಾರಿಯೇ ಇರಬಹುದು.

ಆಗ ಕೈಚೀಲ ನೆಲಕ್ಕೆ ಬಿದ್ದ ಸದ್ದಾಯಿತು. ಅತ್ತೆ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಸ್ಪೀಕರಿನ ಹತ್ತಿರ ಬಂದರು. ಬಾಗಿ, ಕಿವಿ ಅದಕ್ಕೇ ಆನಿಸಿದರು.

"ಇದು ನಮ್ಮನೆಯವರದ್ದು" ಎಂದರು.

ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು.

"ಲಾರಿ ಅಂತೆ! ಮೂವತ್ತೆಂಟು ವರ್ಷ ಇದರ ಪಕ್ಕದಲ್ಲಿ ಮಲಗಿದ್ದೀನಿ, ನನಗೆ ಗೊತ್ತಾಗಲ್ವಾ? ಎಳೆಯೋದು, ಸಿಕ್ಕಿಕೊಳ್ಳೋದು, ಆಮೇಲೆ ಬಿಡೋದು. ಅವರದ್ದೇ. ಅವರ ಫೋಟೋ ಇದೆ, ಕೋಟು ಇದೆ, ಕನ್ನಡಕ ಇದೆ. ಇದೊಂದು ಯಾರ ಹತ್ರಾನೂ ಇಲ್ಲ ಅಂದ್ಕೊಂಡಿದ್ದೆ." ಕಣ್ಣಲ್ಲಿ ನೀರು ತುಂಬಿ, ರಾಯರ ಕೈ ಹಿಡಿದುಕೊಂಡರು. "ಅಳಿಯಂದಿರೇ, ಇದನ್ನ ಯಾವಾಗ ಹಿಡಿದಿಟ್ರಿ? ಇಷ್ಟು ಜೋಪಾನವಾಗಿ ಬೀಗ ಹಾಕಿ ಇಟ್ಟಿದ್ರಾ?"

ರಾಯರ ಮುಂದೆ ಸ್ವರ್ಗದ ಬಾಗಿಲೇ ತೆರೆದು ನಿಂತಿತು. ಹೌದು ಎಂದರೆ ಸಾಕಿತ್ತು. ಗಂಟಲು ಸರಿಮಾಡಿಕೊಂಡು, ದುಃಖ ನುಂಗಿಕೊಂಡವರ ಹಾಗೆ ಕಣ್ಣು ಮುಚ್ಚಿ, "ಹೂಂ ಅತ್ತೆ. ಮಾವನವರ ನೆನಪಿಗೆ ಅಂತ..." ಎಂದು ಶುರುಮಾಡಿದರು.

ಅವರು ಆ ರೆಕಾರ್ಡನ್ನು ಕೊನೆಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಸ್ಪೀಕರಿನಲ್ಲಿ ಕೊನೆಯ ಫುಸ್ ಆಯಿತು, ಹಾಳೆಗಳು ಸರಭರ ಜಾರಿದವು, ಆಕಳಿಕೆಯೊಂದು ಬಂತು. ಆಮೇಲೆ, ಸ್ಪಷ್ಟವಾಗಿ, ಪಾಠ ಹೇಳುವ ದನಿಯಲ್ಲಿ:

"ರೀ! ಎಲ್ಲಿದ್ದೀರಿ? ಯಾರ್ರೀ ಅದು ಇಷ್ಟೊತ್ತೂ ಗೊರಕೆ ಹೊಡೀತಿದ್ದಿದ್ದು? ನೀವೇ ತಾನೇ?"

ರೆಕಾರ್ಡು ನಿಂತಿತು.

ಸಿಸ್ಟಮ್ಮು ಪರದೆಯನ್ನೇ ದಿಟ್ಟಿಸಿದ. ಮ್ಯಾನೇಜರು ಮೇಲ್ಛಾವಣಿಯನ್ನು ಪರೀಕ್ಷಿಸಿದರು. ಲೆಕ್ಕದಮ್ಮ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು. ಈ ಸಲ ಅಳು ತಡೆಯಲಿಕ್ಕಲ್ಲ. ಟೀಚರು ನಿಧಾನವಾಗಿ ಗಂಡನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು, ಕೈಯಲ್ಲಿ ಗೊಂಚಲಿತ್ತು, ಬಾಯಿ ತೆರೆದಿತ್ತು. ರಾಯರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬರುವುದು ಬರಲಿ ಎಂದು ಕಾದರು.

ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಅತ್ತೆ ಮಗಳನ್ನು ಬಾಚಿ ತಬ್ಬಿಕೊಂಡು, ಆಕೆಯ ಮೂಗನ್ನೇ ಸವರುತ್ತಿದ್ದರು.

"ನಿನ್ನದೇನೇ ಅದು! ಚಿಕ್ಕವಳಿದ್ದಾಗ ಇರಲಿಲ್ಲವಲ್ಲೇ ನಿನಗೆ. ಅಪ್ಪಂದು ಎಲ್ಲಿಗೂ ಹೋಗಿಲ್ಲ ಕಣೇ, ನಿನ್ನ ಹತ್ರಾನೇ ಬಿಟ್ಟು ಹೋಗಿದಾರೆ! ಅಯ್ಯೋ ನನ್ನ ಚಿನ್ನ, ಇನ್ನೊಂದು ಸಲ ಹೊಡಿ ನೋಡೋಣ!"

"ಅಮ್ಮಾ, ಆಫೀಸು ಇದು..." ಎಂದರು ಟೀಚರು. ಬೈಯಲು ತೆರೆದ ಬಾಯಿ ಮುಚ್ಚುವುದು ಹೇಗೆಂದು ಆಕೆಗೆ ಗೊತ್ತಾಗಲಿಲ್ಲ. ಅಪ್ಪನ ವಾರಸುದಾರಿಕೆಯನ್ನು ಇಲ್ಲವೆನ್ನುವುದು ಯಾವ ಮಗಳಿಂದಾದೀತು? ಒಪ್ಪಿಕೊಂಡರೆ ಗಂಡ ಗೆದ್ದ. ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ, "ಹೌದು, ನಮ್ಮಪ್ಪಂದು. ಏನೀಗ?" ಎಂದರು.

ಮ್ಯಾನೇಜರು ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

ಸೋಮವಾರ ರಾಯರು ಆಫೀಸಿಗೆ ಬಂದಾಗ ತಿರುಗುವ ಕುರ್ಚಿ ಇರಲಿಲ್ಲ, ಕಿಟಕಿ ಪಕ್ಕದಲ್ಲಿ ಫೈಲಿನ ಕಪಾಟು ನಿಂತಿತ್ತು. ಒಂದು ಗೊರಕೆಗೋಸ್ಕರ ತಮ್ಮ ಸಿನಿಮಾದ ಗುಟ್ಟು ಬಯಲುಮಾಡಿಕೊಂಡ ಲೆಕ್ಕದಮ್ಮ ಅವರ ಜೊತೆ ಮಾತು ಬಿಟ್ಟರು. ಮ್ಯಾನೇಜರು ಸೂಕ್ಷ್ಮ ಯಂತ್ರವನ್ನು ಮರುಮಾತಿಲ್ಲದೆ ಬದಲಾಯಿಸಿಕೊಟ್ಟರು. ಬೀಗ ಹಾಕಿದ ಮೂಲ ಫೈಲು ಮಾತ್ರ ಈಗಲೂ ಅಲ್ಲೇ ಹಸಿರಾಗಿ ಕೂತಿದೆ. ಅದನ್ನು ಅಳಿಸಲು ಯಾರಿಗೂ ಧೈರ್ಯವಿಲ್ಲ.

ನಾಲ್ಕು ದಿನಕ್ಕೆಂದು ಬಂದ ಅತ್ತೆ ಮರಳಿ ಹೋಗುವ ಮಾತೆತ್ತಲಿಲ್ಲ. ಟೀಚರು ಈಗ ಪಕ್ಕದ ಮನೆಯವರು ಕೇಳಿದರೂ ತಲೆ ತಗ್ಗಿಸುವುದಿಲ್ಲ. "ಅದು ನಮ್ಮ ತಂದೆ ಕಡೆಯಿಂದ ಬಂದದ್ದು" ಎನ್ನುತ್ತಾರೆ, ಹೊಲವೋ ತೋಟವೋ ಬಂದ ಹಾಗೆ. ಗೊರಕೆ ಇದೆಯೆಂದು ಸಾಬೀತು ಮಾಡಿದ ಒಬ್ಬನೇ ಗಂಡನೆಂಬ ಕೀರ್ತಿ ರಾಯರದಾಯಿತು, ಆದರೆ ಅದರ ಬಗ್ಗೆ ದೂರುವ ಹಕ್ಕು ಅವತ್ತಿಗೇ ಮುಗಿಯಿತು.

ಮೊನ್ನೆ ಭಾನುವಾರ ಊಟವಾದ ಮೇಲೆ ಟೀಚರು ಸೋಫಾದ ಮೇಲೆ ಒರಗಿದ್ದರು. ಸದ್ದು ಗೋಡೆಯ ಕ್ಯಾಲೆಂಡರನ್ನು ಅಲುಗಾಡಿಸುತ್ತಿತ್ತು. ರಾಯರಿಗೆ ಪೇಪರಿನ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಮೆಲ್ಲನೆ ಎದ್ದು, ಹೆಂಡತಿಯನ್ನು ಆ ಕಡೆ ಮಗ್ಗುಲಿಗೆ ಹೊರಳಿಸೋಣವೆಂದು ಕೈ ಚಾಚಿದರು.

ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅತ್ತೆ, ಕಣ್ಣು ತೆರೆಯದೆಯೇ, ತುಟಿಯ ಮೇಲೆ ಬೆರಳಿಟ್ಟರು.

"ಅಳಿಯಂದಿರೇ, ಅವರನ್ನ ಎಬ್ಬಿಸಬೇಡಿ. ಈಗಷ್ಟೇ ನಿದ್ದೆ ಹತ್ತಿದೆ ಅವರಿಗೆ."

ರಾಯರು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. ಮಾವನವರು ಬದುಕಿದ್ದಾಗಲೂ ಅವರ ಎದುರು ಮಾತಾಡುವ ಧೈರ್ಯ ರಾಯರಿಗಿರಲಿಲ್ಲ. ಪೇಪರು ಮಡಚಿಕೊಂಡು, ಹೆಜ್ಜೆಯ ಸದ್ದಾಗದಂತೆ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು.